ಕುಸಿದ ಕಶೇರುಮಣಿಗೆ ಸಿಮೆಂಟ್: ಯಾರಿಗೆ, ಯಾವಾಗ, ಎಷ್ಟರ ಮಟ್ಟಿಗೆ?

ವಯಸ್ಸಾದವರ ಬೆನ್ನೆಲುಬು ಮುರಿಯಲು ಅವರು ಎತ್ತರದಿಂದ ಬೀಳಬೇಕೆಂದೇನೂ ಇಲ್ಲ. ಬಾಗಿ ಭಾರ ಎತ್ತಿದಾಗ, ಜೋರಾಗಿ ಕೆಮ್ಮಿದಾಗ, ಕೆಲವೊಮ್ಮೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೂ ಒಂದು ಕಶೇರುಮಣಿ ಮೇಲಿನ ಭಾರವನ್ನು ತಾಳಲಾರದೆ ಕುಸಿದುಬಿಡಬಹುದು. ಮಣಿಯ ಮುಂಭಾಗ ಹೆಚ್ಚು ಕುಸಿದು ಹಿಂಭಾಗ ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ ಅದು ಬೆಣೆಯ ಆಕಾರಕ್ಕೆ ಬರುತ್ತದೆ, ಅದರ ಮೇಲಿನ ಬೆನ್ನು ಮುಂದಕ್ಕೆ ವಾಲುತ್ತದೆ. ಎದೆಯ ಭಾಗದ ಬೆನ್ನೆಲುಬು ಮುಗಿದು ಸೊಂಟದ ಭಾಗ ಆರಂಭವಾಗುವಲ್ಲಿ, ಅಂದರೆ ಎದೆಯ ಹನ್ನೆರಡನೆಯ ಮಣಿ ಮತ್ತು ಸೊಂಟದ ಮೊದಲನೆಯ ಮಣಿಯ ಆಸುಪಾಸಿನಲ್ಲಿ, ಇಂಥ ಮುರಿತ ಹೆಚ್ಚು. ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ, ಚರ್ಮದ ಮೇಲಿನ ಕೆಲವೇ ಮಿಲಿಮೀಟರ್ ಗಾಯದ ಮೂಲಕ ಸೂಜಿ ತೂರಿಸಿ ಮುರಿದ ಮಣಿಯೊಳಗೆ ಸಿಮೆಂಟ್ ತುಂಬುವ ಚಿಕಿತ್ಸೆ ಬಂದು ನಾಲ್ಕು ದಶಕಗಳಾದವು. ಬಹಳಷ್ಟು ರೋಗಿಗಳು ಅದೇ ದಿನ ಮನೆಗೆ ಹೋಗುತ್ತಾರೆ. ಆದರೂ ಇದರಿಂದ ನಿಜಕ್ಕೂ ಎಷ್ಟು ಪ್ರಯೋಜನವಿದೆ ಎಂಬ ವಾದ ಇನ್ನೂ ಮುಗಿದಿಲ್ಲ. ಗಾಯ ಸಣ್ಣದಾದ ಮಾತ್ರಕ್ಕೆ ಚಿಕಿತ್ಸೆಯ ನಿರ್ಧಾರವೂ ಸಣ್ಣದೆಂದು ತಿಳಿಯಬಾರದು ಎಂಬುದು ಆ ವಾದವನ್ನು ಗಮನವಿಟ್ಟು ನೋಡಿದಾಗ ನನಗೆ ಸ್ಪಷ್ಟವಾಗುವ ಮೊದಲ ಸಂಗತಿ.

ಮುರಿತದ ಹಿಂದಿರುವ ಕಾಯಿಲೆಯಿಂದ ಆರಂಭಿಸೋಣ. ಕಶೇರುಮಣಿಯ ಒಳಭಾಗ ಜೇನುಗೂಡಿನಂತೆ ತೆಳುವಾದ ಎಳೆಗಳು ಹೆಣೆದುಕೊಂಡ ಮೂಳೆ. ಆಸ್ಟಿಯೊಪೊರೋಸಿಸ್‌ನಲ್ಲಿ ಈ ಎಳೆಗಳು ಸಪೂರವಾಗುತ್ತವೆ, ಅಡ್ಡ ಎಳೆಗಳು ಕಡಿದುಹೋಗುತ್ತವೆ, ಉದ್ದದ ಎಳೆಗಳಿಗೆ ಒತ್ತಾಸೆ ಇಲ್ಲದಂತಾಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೋಜನ್ ಕುಸಿಯುವುದರಿಂದ ಇದು ವೇಗವಾಗಿ ನಡೆಯುತ್ತದೆ. ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ವಯಸ್ಸು ಮತ್ತು ಲಿಂಗದ ಭೇದವಿಲ್ಲದೆ ಕಾಣಿಸಿಕೊಳ್ಳಬಹುದು. ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್ ಮತ್ತು ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರ್ ಕೂಡ ಮಣಿಯನ್ನು ಒಳಗಿನಿಂದಲೇ ತಿಂದು ಕುಸಿಯುವಂತೆ ಮಾಡುತ್ತವೆ. ಕಶೇರುಮಣಿಯ ಮುರಿತಗಳಲ್ಲಿ ಸುಮಾರು ಮೂರನೇ ಎರಡರಷ್ಟು ಯಾರ ಗಮನಕ್ಕೂ ಬರುವುದಿಲ್ಲ. ವಯಸ್ಸಾದ ಮೇಲೆ ಬೆನ್ನು ನೋಯುವುದು, ಗೂನಾಗುವುದು, ಎತ್ತರ ಕಡಿಮೆಯಾಗುವುದು ಸಹಜವೆಂದು ಮನೆಯವರೂ ವೈದ್ಯರೂ ಸುಮ್ಮನಾಗುತ್ತಾರೆ. ಈ ಸುಮ್ಮನಿರುವಿಕೆಗೆ ಬೆಲೆ ತೆರಬೇಕಾಗುತ್ತದೆ: ಒಂದು ಮಣಿ ಮುರಿದ ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಗೆ ಮುಂದಿನ ಒಂದು ವರ್ಷದೊಳಗೆ ಇನ್ನೊಂದು ಮಣಿ ಮುರಿಯುತ್ತದೆ ಎಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಣಿಗಳು ಒಂದರ ಮೇಲೊಂದು ಕುಸಿದಂತೆ ಎದೆಗೂಡು ಕೆಳಗಿಳಿದು ಶ್ವಾಸಕೋಶಕ್ಕೂ ಹೊಟ್ಟೆಗೂ ಜಾಗ ಕಡಿಮೆಯಾಗುತ್ತದೆ. ಉಸಿರು ಚಿಕ್ಕದಾಗುತ್ತದೆ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುತ್ತದೆ.

ಗಮನಕ್ಕೆ ಬರುವ ಮುರಿತಗಳಲ್ಲಿ ಕೂಡ ಹೆಚ್ಚಿನವುಗಳ ನೋವು ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ನೋವಿನ ಮಾತ್ರೆ, ಕೆಲವರಿಗೆ ಬೆನ್ನುಪಟ್ಟಿ, ಆದಷ್ಟು ಬೇಗ ಎದ್ದು ಓಡಾಡುವುದು, ಆಮೇಲೆ ಬೆನ್ನಿನ ಸ್ನಾಯುಗಳಿಗೆ ವ್ಯಾಯಾಮ, ಇಷ್ಟೇ ಸಾಮಾನ್ಯ ಕ್ರಮ. ವಾರಗಟ್ಟಲೆ ಮಲಗಿಸಿಡುವುದು ದಯೆಯಂತೆ ಕಂಡರೂ ಹಾನಿಯ ಕೆಲಸ. ಓಡಾಟವಿಲ್ಲದ ಮೂಳೆ ಇನ್ನಷ್ಟು ಟೊಳ್ಳಾಗುತ್ತದೆ, ಸ್ನಾಯು ಕರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಮತ್ತು ನ್ಯುಮೋನಿಯಾ ತಗಲುವ ಅಪಾಯ ಏರುತ್ತದೆ. ಸಮಸ್ಯೆ ಬಿಗಡಾಯಿಸುವುದು ಎಷ್ಟು ಮಾತ್ರೆ ಕೊಟ್ಟರೂ ಎದ್ದು ಕೂರಲಾಗದವರಲ್ಲಿ. ಓಪಿಯಾಯ್ಡ್ ಎಂಬ ಅಫೀಮಿನ ವರ್ಗದ ನೋವಿನ ಮಾತ್ರೆಗಳಿಂದ ಮಲಬದ್ಧತೆ, ತೂಕಡಿಕೆ, ಗೊಂದಲ ಹುಟ್ಟಿ ಮತ್ತೆ ಬೀಳುವ ಸಾಧ್ಯತೆ ಹೆಚ್ಚುವುದು ಇಂಥವರಲ್ಲಿಯೇ. ಸಿಮೆಂಟ್ ಚಿಕಿತ್ಸೆಯ ಪ್ರಶ್ನೆ ನಿಜವಾಗಿ ಏಳುವುದು ಇವರ ವಿಷಯದಲ್ಲಿ.

ಈ ಚಿಕಿತ್ಸೆ ಮೊದಲು ನಡೆದದ್ದು ಆಸ್ಟಿಯೊಪೊರೋಸಿಸ್‌ಗಾಗಿ ಅಲ್ಲ. 1984ರಲ್ಲಿ ಫ್ರಾನ್ಸಿನ ಅಮಿಯಾನ್ ನಗರದಲ್ಲಿ ನರಶಸ್ತ್ರತಜ್ಞ ಪಿಯರ್ ಗಾಲಿಬೇರ್ ಮತ್ತು ರೇಡಿಯಾಲಜಿಸ್ಟ್ ಎರ್ವೆ ದೆರಾಮೋ, ಕುತ್ತಿಗೆಯ ಎರಡನೆಯ ಮಣಿಯನ್ನು ಕೊರೆದಿದ್ದ ರಕ್ತನಾಳಗಳ ಗಂಟಿನೊಳಕ್ಕೆ ಸಿಮೆಂಟ್ ತುಂಬಿದರು. ಅದರ ವರದಿ 1987ರಲ್ಲಿ ಪ್ರಕಟವಾಯಿತು, ಚಿಕಿತ್ಸೆಗೆ ವರ್ಟೆಬ್ರೊಪ್ಲಾಸ್ಟಿ ಎಂಬ ಹೆಸರು ನಿಂತಿತು. ಬಳಸುವ ಸಿಮೆಂಟ್ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ವಸ್ತು. ಕೃತಕ ಸೊಂಟದ ಕೀಲನ್ನು ಮೂಳೆಗೆ ಕೂರಿಸಲು ಶಸ್ತ್ರತಜ್ಞರು ಅದಕ್ಕೂ ಮೊದಲಿನಿಂದ ಬಳಸುತ್ತಿದ್ದದ್ದು ಇದನ್ನೇ. ಪುಡಿ ಮತ್ತು ದ್ರವವನ್ನು ಕಲಸಿದಾಗ ಅದು ಮೊದಲು ನೀರಾಗಿ, ಬಳಿಕ ಪೇಸ್ಟಿನಂತಾಗಿ, ಕೆಲವೇ ನಿಮಿಷಗಳಲ್ಲಿ ಬಿಸಿಯೇರುತ್ತಾ ಗಟ್ಟಿಯಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣಲೆಂದು ಬೇರಿಯಂ ಸಲ್ಫೇಟ್‌ನಂಥ ಪದಾರ್ಥ ಬೆರೆಸಿರುತ್ತಾರೆ. ರೋಗಿಯನ್ನು ಬೋರಲು ಮಲಗಿಸಿ, ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ನಿರಂತರ ಎಕ್ಸ್‌ರೇ ಪರದೆಯನ್ನು ನೋಡುತ್ತಾ ಸೂಜಿಯನ್ನು ಮಣಿಯ ಹಿಂಬದಿಯ ಪೆಡಿಕಲ್ ಎಂಬ ಕಿರಿದಾದ ಮೂಳೆದಾರಿಯ ಮೂಲಕ ಒಳಕ್ಕೆ ಇಳಿಸುತ್ತಾರೆ. ಆ ದಾರಿಯ ಒಳಗೋಡೆಯ ಪಕ್ಕದಲ್ಲೇ ಬೆನ್ನುಹುರಿ ಅಥವಾ ಅದರಿಂದ ಹೊರಟ ನರಗಳಿರುತ್ತವೆ. ತುಂಬುವ ಸಿಮೆಂಟ್ ಕೆಲವು ಮಿಲಿಲೀಟರ್ ಮಾತ್ರ.

1990ರ ದಶಕದ ಕೊನೆಯಲ್ಲಿ ಅಮೆರಿಕದ ಮೂಳೆ ಶಸ್ತ್ರತಜ್ಞ ಮಾರ್ಕ್ ರೈಲಿ ಇದಕ್ಕೆ ಒಂದು ಹಂತ ಸೇರಿಸಿದರು. ಸಿಮೆಂಟ್ ತುಂಬುವ ಮೊದಲು ಮಣಿಯೊಳಗೆ ಸಣ್ಣ ಬಲೂನನ್ನು ಉಬ್ಬಿಸಿ, ಕುಸಿದ ಭಾಗವನ್ನು ಮೇಲೆತ್ತಿ, ಬಲೂನು ತೆಗೆದ ಮೇಲೆ ಉಳಿಯುವ ಪೊಳ್ಳಿಗೆ ದಪ್ಪಗಿನ ಸಿಮೆಂಟನ್ನು ಕಡಿಮೆ ಒತ್ತಡದಲ್ಲಿ ತುಂಬುವುದು ಅವರ ವಿಧಾನ. ಇದೇ ಕೈಫೊಪ್ಲಾಸ್ಟಿ. ಆಮೇಲೆ ಬಲೂನಿನ ಬದಲು ಒಳಗೇ ಉಳಿಯುವ ಲೋಹದ ಸ್ಟೆಂಟ್ ಮತ್ತು ಜ್ಯಾಕ್‌ಗಳೂ ಬಂದವು. ಕೈಫೊಪ್ಲಾಸ್ಟಿಯಲ್ಲಿ ಸಿಮೆಂಟ್ ಸೋರಿಕೆ ಕಡಿಮೆ ಎಂಬುದಕ್ಕೆ ಆಧಾರವಿದೆ. ಮಣಿಯ ಎತ್ತರ ಸ್ವಲ್ಪ ಮರಳುವುದೂ ನಿಜ. ಆದರೆ ಮರಳಿದ ಆ ಕೆಲವು ಮಿಲಿಮೀಟರ್‌ಗಳಿಂದಲೇ ರೋಗಿಯ ನೋವು ಹೆಚ್ಚು ಇಳಿಯುತ್ತದೆ ಎಂಬುದು ಎರಡನ್ನೂ ನೇರವಾಗಿ ಹೋಲಿಸಿದ ಅಧ್ಯಯನಗಳಲ್ಲಿ ಗಟ್ಟಿಯಾಗಿ ಕಂಡುಬಂದಿಲ್ಲ. ಕೈಫೊಪ್ಲಾಸ್ಟಿಯ ಉಪಕರಣಗಳು ಬಹಳ ದುಬಾರಿ. ಎಕ್ಸ್‌ರೇ ಚಿತ್ರದಲ್ಲಿ ಚೆನ್ನಾಗಿ ಕಾಣುವ ಫಲಿತಾಂಶಕ್ಕಾಗಿ ಆ ಹೆಚ್ಚುವರಿ ಖರ್ಚು ಮಾಡಬೇಕೆ ಎಂದು ಕೇಳುವ ಹಕ್ಕು ರೋಗಿಗಿದೆ.

ವಾದದ ತಿರುಳು 2009ರ ಎರಡು ಪ್ರಯೋಗಗಳಲ್ಲಿದೆ. ಅಲ್ಲಿಯವರೆಗೆ ಸಿಮೆಂಟ್ ಹಾಕಿಸಿಕೊಂಡವರು ಮರುದಿನವೇ ಎದ್ದು ನಡೆದ ಅನುಭವಗಳು ನೂರಾರು ವರದಿಗಳಲ್ಲಿ ತುಂಬಿದ್ದವು, ಚಿಕಿತ್ಸೆ ಹಲವು ದೇಶಗಳಿಗೆ ಹಬ್ಬಿತ್ತು. ಆಸ್ಟ್ರೇಲಿಯಾದ ರೇಚಲ್ ಬುಕ್‌ಬೈಂಡರ್ ಅವರ ತಂಡ 78 ರೋಗಿಗಳನ್ನು, ಅಮೆರಿಕದ ಡೇವಿಡ್ ಕಾಲ್ಮಸ್ ಅವರ ತಂಡ 131 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದವು. ಒಂದು ಗುಂಪಿಗೆ ನಿಜವಾದ ವರ್ಟೆಬ್ರೊಪ್ಲಾಸ್ಟಿ, ಇನ್ನೊಂದಕ್ಕೆ ಹುಸಿ ಚಿಕಿತ್ಸೆ. ಹುಸಿ ಚಿಕಿತ್ಸೆಯನ್ನು ಎಷ್ಟು ಶ್ರದ್ಧೆಯಿಂದ ರೂಪಿಸಿದ್ದರೆಂದರೆ, ಮೂಳೆಯ ಹೊರಪದರದವರೆಗೆ ಅರಿವಳಿಕೆ ಚುಚ್ಚಿ, ಬೆನ್ನನ್ನು ಒತ್ತಿ ಅಥವಾ ಮೆಲ್ಲಗೆ ತಟ್ಟಿ, ಸಿಮೆಂಟಿನ ಘಾಟು ವಾಸನೆ ಕೋಣೆಯಲ್ಲಿ ಹರಡುವಂತೆ ಮಾಡಿದ್ದರು; ಸಿಮೆಂಟನ್ನು ಮಾತ್ರ ಒಳಗೆ ಹಾಕಿರಲಿಲ್ಲ. ಎರಡೂ ಪ್ರಯೋಗಗಳಲ್ಲಿ ಎರಡೂ ಗುಂಪಿನವರ ನೋವು ಇಳಿಯಿತು, ಮತ್ತು ಬಹುತೇಕ ಒಂದೇ ಪ್ರಮಾಣದಲ್ಲಿ ಇಳಿಯಿತು. ಸಿಮೆಂಟ್‌ನಿಂದ ಆದದ್ದೆಂದು ನಂಬಿದ್ದ ಉಪಶಮನದ ದೊಡ್ಡ ಪಾಲು ಕಾಲಕ್ರಮದಿಂದ, ಅರಿವಳಿಕೆಯಿಂದ, ಚಿಕಿತ್ಸೆ ಸಿಕ್ಕಿತೆಂಬ ಭರವಸೆಯಿಂದ ಬಂದಿರಬಹುದು ಎಂಬುದನ್ನು ಈ ಫಲಿತಾಂಶ ಎದುರಿಗೆ ತಂದಿಟ್ಟಿತು.

ಚಿಕಿತ್ಸೆ ಮಾಡುವವರ ಆಕ್ಷೇಪಗಳು ಹುರುಳಿಲ್ಲದವಲ್ಲ. ಆ ಪ್ರಯೋಗಗಳಲ್ಲಿ ಒಂದು ವರ್ಷದವರೆಗಿನ ಹಳೆಯ ನೋವಿನವರನ್ನೂ ಸೇರಿಸಿಕೊಂಡಿದ್ದರು. ಕೂಡಿಕೊಂಡ ಮುರಿತಕ್ಕೆ ಸಿಮೆಂಟ್ ಹಾಕಿದರೆ ಏನೂ ಆಗದಿರುವುದು ಸಹಜ. ತೀವ್ರ ನೋವಿನಿಂದ ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ಹುಸಿ ಚಿಕಿತ್ಸೆಯ ಸಾಧ್ಯತೆಗೆ ಒಪ್ಪುವವರು ಕಡಿಮೆಯಾದ್ದರಿಂದ ಇಂಥ ಪ್ರಯೋಗಗಳಿಗೆ ಅವರು ಸೇರುವುದೂ ಕಡಿಮೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ವೈದ್ಯರು ಆರು ವಾರದೊಳಗಿನ ನೋವಿರುವ 202 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ವೆರ್ಟೋಸ್ ಎರಡು ಎಂಬ ಪ್ರಯೋಗದಲ್ಲಿ ಔಷಧಿಗಿಂತ ಸಿಮೆಂಟ್ ಸ್ಪಷ್ಟವಾಗಿ ಮೇಲೆನಿಸಿತು. ಕೈಫೊಪ್ಲಾಸ್ಟಿಯ ಬಗ್ಗೆ 300 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಫ್ರೀ ಪ್ರಯೋಗದಲ್ಲೂ ಮೊದಲ ತಿಂಗಳ ಲಾಭ ಚೆನ್ನಾಗಿ ಕಂಡಿತು, ವರ್ಷದ ಹೊತ್ತಿಗೆ ಅಂತರ ಕುಗ್ಗಿತ್ತು. ಈ ಎರಡರಲ್ಲೂ ತನಗೆ ಯಾವ ಚಿಕಿತ್ಸೆ ಸಿಕ್ಕಿತೆಂದು ರೋಗಿಗೆ ಗೊತ್ತಿತ್ತು ಎಂಬುದನ್ನು ಮರೆಯಬಾರದು. ವೆರ್ಟೋಸ್ ಎರಡರ ವರದಿಯಲ್ಲಿ ಇನ್ನೊಂದು ಸಂಖ್ಯೆ ಇದೆ, ಅದು ನನಗೆ ಮುಖ್ಯ ಫಲಿತಾಂಶದಷ್ಟೇ ಮಹತ್ವದ್ದಾಗಿ ತೋರುತ್ತದೆ: ಪ್ರಯೋಗಕ್ಕೆ ಅರ್ಹರಾಗಿದ್ದ 431 ಜನರಲ್ಲಿ 229 ಜನರ ನೋವು ತಪಾಸಣೆಯ ಅವಧಿಯಲ್ಲೇ, ಯಾವ ಸೂಜಿಯೂ ತಾಗುವ ಮೊದಲೇ, ತಾನಾಗಿ ಇಳಿದಿತ್ತು. ಮುರಿತ ಕಂಡ ವಾರದಲ್ಲೇ ಎಲ್ಲರಿಗೂ ಸಿಮೆಂಟ್ ಹಾಕುವ ಕೇಂದ್ರದಲ್ಲಿ ಇಂಥವರೆಲ್ಲ ಯಶಸ್ಸಿನ ಲೆಕ್ಕಕ್ಕೆ ಸೇರುತ್ತಾರೆ.

ಹಾಗಾದರೆ ಹೊಸ ಮುರಿತ, ತೀವ್ರ ನೋವು, ಜೊತೆಗೆ ಹುಸಿ ಚಿಕಿತ್ಸೆಯ ಹೋಲಿಕೆ, ಈ ಮೂರೂ ಇರುವ ಪ್ರಯೋಗ ಏನನ್ನುತ್ತದೆ? ಎರಡು ಉತ್ತರಗಳಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ವೇಪರ್ ಪ್ರಯೋಗ ಆರು ವಾರದೊಳಗಿನ ಮುರಿತ ಮತ್ತು ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಯಲ್ಲಿ ಏಳು ಅಥವಾ ಅದಕ್ಕೂ ಹೆಚ್ಚಿನ ನೋವಿರುವ 120 ಜನರನ್ನು ತೆಗೆದುಕೊಂಡಿತು. ಹದಿನಾಲ್ಕನೆಯ ದಿನ ನೋವು ನಾಲ್ಕಕ್ಕಿಂತ ಕೆಳಗಿಳಿದವರು ಸಿಮೆಂಟ್ ಗುಂಪಿನಲ್ಲಿ ಶೇ. 44, ಹುಸಿ ಗುಂಪಿನಲ್ಲಿ ಶೇ. 21. ಎರಡು ವರ್ಷಗಳ ನಂತರ ಬಂದ ವೆರ್ಟೋಸ್ ನಾಲ್ಕು ಪ್ರಯೋಗದಲ್ಲಿ 180 ರೋಗಿಗಳಿದ್ದರು, ಅವರದೂ ಹೊಸ ಮುರಿತವೇ. ಅಲ್ಲಿ ಎರಡು ಗುಂಪಿನ ನಡುವೆ ಗಣನೀಯ ಅಂತರ ಸಿಗಲಿಲ್ಲ. ವ್ಯತ್ಯಾಸಕ್ಕೆ ಕಾರಣ ಹುಡುಕುವಾಗ ಹುಸಿ ಚಿಕಿತ್ಸೆಯ ವಿವರ ನೋಡಬೇಕು. ವೇಪರ್‌ನಲ್ಲಿ ಹುಸಿ ಗುಂಪಿಗೆ ಅರಿವಳಿಕೆ ಚರ್ಮದ ಕೆಳಗೆ ಮಾತ್ರ ಸಿಕ್ಕಿತ್ತು. ವೆರ್ಟೋಸ್ ನಾಲ್ಕರಲ್ಲಿ ಅದು ಮೂಳೆಯವರೆಗೂ ಹೋಗಿತ್ತು. ಮೂಳೆಯ ಹೊರಪದರಕ್ಕೆ ಮತ್ತು ಅಲ್ಲಿನ ನರಗಳಿಗೆ ಕೊಟ್ಟ ಅರಿವಳಿಕೆಯೇ ಒಂದು ಮಟ್ಟದ ಚಿಕಿತ್ಸೆ ಎಂದಾದರೆ, ಅದನ್ನು ಕೊಟ್ಟ ಪ್ರಯೋಗಗಳು ಸಿಮೆಂಟನ್ನು ಏನೂ ಇಲ್ಲದ್ದರ ಜೊತೆ ಹೋಲಿಸಿದಂತಾಗಲಿಲ್ಲ, ಇನ್ನೊಂದು ಚಿಕಿತ್ಸೆಯ ಜೊತೆ ಹೋಲಿಸಿದಂತಾಯಿತು. ಇದರ ಜೊತೆಗೆ ವೇಪರ್‌ನ ರೋಗಿಗಳ ಮುರಿತ ಇನ್ನೂ ಹೊಸದು, ಸರಾಸರಿ ಮೂರು ವಾರಕ್ಕೂ ಕಡಿಮೆ, ಅರ್ಧಕ್ಕಿಂತ ಹೆಚ್ಚು ಜನ ಆಸ್ಪತ್ರೆಯಲ್ಲಿ ದಾಖಲಾಗಿದ್ದವರು. ಆದರೆ ಅದರ ಬಹುಪಾಲು ರೋಗಿಗಳು ಒಂದೇ ಕೇಂದ್ರದಿಂದ ಬಂದವರೆಂಬುದೂ ಸತ್ಯ.

ಮಾರ್ಗಸೂಚಿಗಳು ಒಂದೇ ದನಿಯಲ್ಲಿ ಮಾತಾಡದಿರುವುದು ಇದರಿಂದಾಗಿಯೇ. ಅಮೆರಿಕದ ಮೂಳೆ ಶಸ್ತ್ರತಜ್ಞರ ಅಕಾಡೆಮಿ 2010ರಲ್ಲಿ ವರ್ಟೆಬ್ರೊಪ್ಲಾಸ್ಟಿಯ ವಿರುದ್ಧ ಬಲವಾಗಿ ಸಲಹೆ ಕೊಟ್ಟಿತು, ಕೈಫೊಪ್ಲಾಸ್ಟಿಯನ್ನು ಒಂದು ಆಯ್ಕೆಯೆಂದು ದುರ್ಬಲವಾಗಿ ಒಪ್ಪಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳನ್ನು ತೂಗಿ ಸಲಹೆ ಕೊಡುವ ನೈಸ್ ಸಂಸ್ಥೆ 2013ರಲ್ಲಿ ಎರಡನ್ನೂ ಒಪ್ಪಿತು, ಆದರೆ ಮುರಿತ ಇತ್ತೀಚಿನದಾಗಿರಬೇಕು, ಕೂಡಿಕೊಂಡಿರಬಾರದು, ತಕ್ಕ ನೋವಿನ ಔಷಧಿ ಕೊಟ್ಟ ಮೇಲೂ ತೀವ್ರ ನೋವು ಉಳಿದಿರಬೇಕು, ಮತ್ತು ನೋವಿನ ಮೂಲ ಅದೇ ಮಣಿ ಎಂಬುದು ದೇಹಪರೀಕ್ಷೆ ಹಾಗೂ ಸ್ಕ್ಯಾನ್ ಎರಡರಿಂದಲೂ ದೃಢಪಟ್ಟಿರಬೇಕು ಎಂದು ಷರತ್ತು ಹಾಕಿತು. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಪರಾಮರ್ಶೆ 2018ರಲ್ಲಿ ವಾಡಿಕೆಯ ಬಳಕೆಗೆ ಆಧಾರವಿಲ್ಲವೆಂದಿತು. ಆಸ್ಟ್ರೇಲಿಯಾ 2011ರಲ್ಲಿ ಸರ್ಕಾರಿ ವಿಮೆಯಿಂದ ವರ್ಟೆಬ್ರೊಪ್ಲಾಸ್ಟಿಯನ್ನು ಕೈಬಿಟ್ಟು, 2020ರಲ್ಲಿ ವೇಪರ್ ಪ್ರಯೋಗದ ರೋಗಿಗಳಂಥವರಿಗೆ ಸೀಮಿತಗೊಳಿಸಿ ಮರಳಿ ಸೇರಿಸಿತು. ನನ್ನ ಅಭಿಪ್ರಾಯದಲ್ಲಿ ಪುರಾವೆಗೆ ಹೆಚ್ಚು ನ್ಯಾಯ ಸಲ್ಲಿಸಿದ ನಿಲುವು ಆಸ್ಟ್ರೇಲಿಯಾದ ಈ ಎರಡನೆಯ ನಿರ್ಧಾರ. ಹೊಸ ಮುರಿತದ ನೋವಿನಿಂದ ಹಾಸಿಗೆ ಹಿಡಿದು, ಔಷಧಿಗೆ ಬಗ್ಗದ ಮುದುಕರಿಗೆ ಮೂರು ತಿಂಗಳು ತಾಳಿಕೊಳ್ಳಿ ಎನ್ನುವುದು ನಿರ್ದಯತೆ. ಎದ್ದು ಓಡಾಡುತ್ತಿರುವವರಿಗೆ ಚಿತ್ರದಲ್ಲಿ ಮುರಿತ ಕಂಡಿತೆಂದು ಸಿಮೆಂಟ್ ಹಾಕುವುದು ಅನಗತ್ಯ.

ಚಿಕಿತ್ಸೆ ಪಡೆದವರು ಹೆಚ್ಚು ಕಾಲ ಬದುಕುತ್ತಾರೆ ಎಂಬ ವಾದವನ್ನೂ ಅಲ್ಲಲ್ಲಿ ಕೇಳುತ್ತೇವೆ. ಅಮೆರಿಕದ ಮೆಡಿಕೇರ್ ವಿಮೆಯ ದಾಖಲೆಗಳಲ್ಲಿ ಅಂಥ ಅಂತರ ಕಂಡದ್ದು ನಿಜ. ಆದರೆ ಸಾಮಾನ್ಯವಾಗಿ ಗಟ್ಟಿಯಾಗಿರುವವರನ್ನೇ ಇಂಥ ಚಿಕಿತ್ಸೆಗೆ ಆರಿಸುತ್ತಾರೆ. ಮೊದಲಿನ ಆರೋಗ್ಯಸ್ಥಿತಿ ಸರಿಸಮನಾಗಿರುವವರನ್ನು ಜೋಡಿಸಿ ನೋಡಿದ 2013ರ ವಿಶ್ಲೇಷಣೆಯಲ್ಲಿ ಆ ಅಂತರ ಉಳಿಯಲಿಲ್ಲ.

ಸರಿಯಾದ ರೋಗಿಯನ್ನು ಗುರುತಿಸುವುದರಲ್ಲಿ ಎಂಆರ್‌ಐ ಪಾತ್ರ ದೊಡ್ಡದು. ಎಕ್ಸ್‌ರೇ ಮಣಿ ಕುಸಿದಿದೆ ಎಂದು ಹೇಳಬಲ್ಲದು, ಯಾವಾಗ ಕುಸಿಯಿತು ಎಂದು ಹೇಳಲಾರದು. ಕೊಬ್ಬಿನ ಹೊಳಪನ್ನು ಅಡಗಿಸುವ ಸ್ಟಿರ್ ಎಂಬ ಎಂಆರ್‌ಐ ಕ್ರಮದಲ್ಲಿ ಹೊಸ ಮುರಿತದ ಮಜ್ಜೆಯಲ್ಲಿ ತುಂಬಿದ ನೀರು ಬೆಳ್ಳಗೆ ಹೊಳೆಯುತ್ತದೆ, ಕೂಡಿಕೊಂಡ ಹಳೆಯ ಮುರಿತದಲ್ಲಿ ಆ ಹೊಳಪು ಇರುವುದಿಲ್ಲ. ಹಲವು ಮಣಿಗಳು ಕುಸಿದಿದ್ದಾಗ ನೋಯುತ್ತಿರುವುದು ಯಾವುದೆಂದು ತಿಳಿಯಲು, ಸ್ಕ್ಯಾನಿನ ಜೊತೆಗೆ ವೈದ್ಯರು ಬೆನ್ನಿನ ಮೇಲೆ ಬೆರಳಿಟ್ಟು ಒಂದೊಂದೇ ಮಣಿಯನ್ನು ಒತ್ತಿ ನೋಡಬೇಕು. ಪೇಸ್‌ಮೇಕರ್‌ನಂಥ ಕಾರಣದಿಂದ ಎಂಆರ್‌ಐ ಆಗದವರಿಗೆ ಮೂಳೆ ಸ್ಕ್ಯಾನ್ ಮತ್ತು ಸಿಟಿ ಸಹಾಯಕ್ಕೆ ಬರುತ್ತವೆ. ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆಯನ್ನು ಸರಿಪಡಿಸದೆ, ಮೈಯಲ್ಲಿ ಅಥವಾ ಆ ಮಣಿಯಲ್ಲಿ ಸೋಂಕಿರುವಾಗ ಈ ಚಿಕಿತ್ಸೆ ಸಲ್ಲದು. ಕಾಲಿನಲ್ಲಿ ಬಲ ಕುಂದುತ್ತಿದ್ದರೆ, ಮರಗಟ್ಟುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ ಮೂಳೆಯ ಚೂರು ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದು ತುರ್ತು ಸ್ಥಿತಿ, ಅಲ್ಲಿ ಬೇಕಾಗುವುದು ಸಾಮಾನ್ಯವಾಗಿ ತೆರೆದ ಶಸ್ತ್ರಕ್ರಿಯೆ.

ಕ್ಯಾನ್ಸರ್‌ನಿಂದಾದ ಕುಸಿತದ ಲೆಕ್ಕಾಚಾರ ಬೇರೆ. ಅಲ್ಲಿ ಮೂಳೆ ತಾನಾಗಿ ಕೂಡಿಕೊಳ್ಳುವ ಭರವಸೆ ಕಡಿಮೆ, ಕಾಯಲು ಸಮಯವೂ ಕಡಿಮೆ. 2011ರಲ್ಲಿ ಪ್ರಕಟವಾದ, 134 ಕ್ಯಾನ್ಸರ್ ರೋಗಿಗಳ ಪ್ರಯೋಗದಲ್ಲಿ ಕೈಫೊಪ್ಲಾಸ್ಟಿ ಒಂದು ತಿಂಗಳಲ್ಲಿ ನೋವು ಮತ್ತು ಓಡಾಟ ಎರಡನ್ನೂ ಸುಧಾರಿಸಿತು, ಅದರಲ್ಲಿ ಹುಸಿ ಚಿಕಿತ್ಸೆಯ ಹೋಲಿಕೆ ಇರಲಿಲ್ಲವಾದರೂ. ಅದೇ ಸೂಜಿಯಿಂದ ಮೂಳೆಯ ತುಣುಕು ತೆಗೆದು ಪರೀಕ್ಷೆಗೆ ಕಳಿಸಬಹುದು ಎಂಬುದು ಇಲ್ಲಿ ಸಣ್ಣ ಲಾಭವಲ್ಲ. ಆಸ್ಟಿಯೊಪೊರೋಸಿಸ್ ಎಂದುಕೊಂಡ ಮುರಿತದ ಹಿಂದೆ ಮೈಲೋಮಾ ಅಡಗಿರುವುದುಂಟು.

ಅಪಾಯಗಳಲ್ಲಿ ಮುಖ್ಯವಾದದ್ದು ಸಿಮೆಂಟ್ ಸೋರಿಕೆ. ಮುರಿದ ಮಣಿಯ ಬಿರುಕುಗಳಿಂದ ಅದು ಮಣಿಗಳ ನಡುವಿನ ಡಿಸ್ಕ್‌ನೊಳಕ್ಕೆ, ಸುತ್ತಲಿನ ಸಿರೆಗಳಿಗೆ ಜಿನುಗುವುದು ಅಪರೂಪವಲ್ಲ. ಬಹುತೇಕ ಸಲ ರೋಗಿಗೆ ಅದರಿಂದ ತೊಂದರೆಯಾಗುವುದಿಲ್ಲ. ಆದರೆ ಹಿಂದಕ್ಕೆ ಸೋರಿ ಬೆನ್ನುಹುರಿಯನ್ನು ಒತ್ತಿದ, ಸಿರೆಯ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ಪ್ರಕರಣಗಳು ವರದಿಯಾಗಿವೆ, ಕೆಲವರು ಪ್ರಾಣ ಕಳೆದುಕೊಂಡಿದ್ದಾರೆ. ಸಿಮೆಂಟ್ ಸರಿಯಾದ ಹದಕ್ಕೆ ಬರುವ ಮೊದಲೇ ತಳ್ಳುವುದು, ಹೆಚ್ಚು ತುಂಬುವುದು, ಪರದೆಯ ಮೇಲಿನ ಗಮನ ಕ್ಷಣ ತಪ್ಪುವುದು ಇದಕ್ಕೆ ದಾರಿ ಮಾಡಿಕೊಡುತ್ತವೆ. ಹಾಗಾಗಿ ವೈದ್ಯರ ಕೈಯ ಅನುಭವ ಇಲ್ಲಿ ಉಪಕರಣದ ಹೆಸರಿಗಿಂತ ದೊಡ್ಡದು. ಗಟ್ಟಿಯಾದ ಮಣಿಯ ಒತ್ತಡದಿಂದ ಪಕ್ಕದ ಮಣಿ ಮುರಿಯುತ್ತದೆ ಎಂಬ ಭಯ ಬಹಳ ಕಾಲದಿಂದ ಇದೆ. ಚೀಟಿ ಎತ್ತಿದಂತೆ ಗುಂಪು ಮಾಡಿದ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ಅಂಥ ಹೆಚ್ಚಳ ಖಚಿತವಾಗಿ ಕಾಣುವುದಿಲ್ಲ. ಪಕ್ಕದ ಮಣಿಯೂ ಅದೇ ಟೊಳ್ಳು ಮೂಳೆಯಿಂದಾದದ್ದು, ಸಿಮೆಂಟ್ ಇಲ್ಲದಿದ್ದರೂ ಅದರ ಅಪಾಯ ಹೆಚ್ಚೇ.

ನನಗೆ ಅತ್ಯಂತ ಕಳವಳ ಉಂಟುಮಾಡುವ ಕೊರತೆ ಇರುವುದೂ ಇಲ್ಲಿಯೇ. ಸಿಮೆಂಟ್ ಹಾಕಿಸಿಕೊಂಡು ನೋವು ಇಳಿದ ರೋಗಿ, ಮೂಳೆಯ ಕಾಯಿಲೆಗೆ ಒಂದು ಮಾತ್ರೆಯೂ ಇಲ್ಲದೆ ಮನೆಗೆ ಹೋಗುವುದು ಇಂದಿಗೂ ತೀರಾ ಸಾಮಾನ್ಯ. ಸಿಮೆಂಟ್ ಒಂದು ಮಣಿಯನ್ನು ಹಿಡಿದು ನಿಲ್ಲಿಸುತ್ತದೆ, ಉಳಿದ ಮಣಿಗಳಿಗೂ ತೊಡೆಮೂಳೆಗೂ ಅದರಿಂದ ಏನೂ ಆಗುವುದಿಲ್ಲ. ಅವನ್ನು ಕಾಯುವ ಔಷಧಿಗಳ ಪುರಾವೆಯಾದರೋ ಸಿಮೆಂಟಿನದಕ್ಕಿಂತ ಎಷ್ಟೋ ಗಟ್ಟಿ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೋಲೆಡ್ರಾನಿಕ್ ಆಮ್ಲ ಮೂರು ವರ್ಷಗಳಲ್ಲಿ ಹೊಸ ಕಶೇರುಮಣಿ ಮುರಿತಗಳನ್ನು ಶೇ. 70ರಷ್ಟು ತಗ್ಗಿಸಿದ್ದನ್ನು 2007ರ ದೊಡ್ಡ ಪ್ರಯೋಗ ತೋರಿಸಿತು. ಈಗಾಗಲೇ ಮಣಿ ಮುರಿದಿರುವ ಮಹಿಳೆಯರಲ್ಲಿ ಟೆರಿಪ್ಯಾರಟೈಡ್ ಮತ್ತು ರೈಸೆಡ್ರೊನೇಟ್ ಎಂಬ ಎರಡು ಮೂಳೆ ಔಷಧಿಗಳನ್ನು ಹೋಲಿಸಿದ ವೆರೋ ಪ್ರಯೋಗದಲ್ಲಿ, ಎರಡು ವರ್ಷಗಳಲ್ಲಿ ಹೊಸ ಮುರಿತವಾದದ್ದು ಕ್ರಮವಾಗಿ ಶೇ. 5.4 ಮತ್ತು ಶೇ. 12ರಷ್ಟು ಜನರಿಗೆ. ಮಣಿ ಕುಸಿದವರಿಗೆ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್ ಮತ್ತು ಮೈಲೋಮಾಗಾಗಿ ರಕ್ತಪರೀಕ್ಷೆ ಆಗಬೇಕು, ಆಸ್ಪತ್ರೆಯಿಂದ ಬಿಡುಗಡೆಯ ಚೀಟಿಯಲ್ಲಿ ಮೂಳೆಯ ಔಷಧಿಯ ಹೆಸರು ಮತ್ತು ಮುಂದಿನ ಭೇಟಿಯ ದಿನ ಇರಬೇಕು. ಸೂಜಿ ಹಾಕುವ ವಿಭಾಗ ಒಂದು, ಮೂಳೆ ಕಾಯಿಲೆ ನೋಡುವ ವಿಭಾಗ ಇನ್ನೊಂದು ಆಗಿರುವಲ್ಲಿ ಈ ಕೆಲಸ ಯಾರದೂ ಆಗದೆ ಉಳಿಯುತ್ತದೆ. ಮುರಿತದ ರೋಗಿಗಳನ್ನು ಹುಡುಕಿ ಔಷಧಿಯವರೆಗೆ ಕರೆದೊಯ್ಯುವ ಹೊಣೆಯನ್ನು ಒಬ್ಬ ನರ್ಸ್ ಅಥವಾ ಸಂಯೋಜಕರಿಗೆ ವಹಿಸಿದ ಆಸ್ಪತ್ರೆಗಳಲ್ಲಿ ಹೆಚ್ಚು ರೋಗಿಗಳಿಗೆ ಔಷಧಿ ತಲುಪಿದೆ.

ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ತೆಗೆದುಕೊಳ್ಳುತ್ತಿರುವವರ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಈ ಔಷಧಿ ಕೆಲಸ ಮಾಡುತ್ತಿರುವವರೆಗೆ ಮೂಳೆಯನ್ನು ಚೆನ್ನಾಗಿ ಕಾಯುತ್ತದೆ. ಮುಂದಿನ ಚುಚ್ಚುಮದ್ದು ತಪ್ಪಿದರೆ ಅಥವಾ ಬದಲಿ ಔಷಧಿಯಿಲ್ಲದೆ ನಿಲ್ಲಿಸಿದರೆ ಮೂಳೆಯ ಕರಗುವಿಕೆ ಒಮ್ಮೆಲೇ ಏರಿ, ಕೆಲವರಲ್ಲಿ ತಿಂಗಳುಗಳ ಅಂತರದಲ್ಲಿ ಮೂರು, ನಾಲ್ಕು ಮಣಿಗಳು ಕುಸಿಯುತ್ತವೆ. ಆ ಹಂತದಲ್ಲಿ ಒಂದೊಂದೇ ಮಣಿಗೆ ಸಿಮೆಂಟ್ ಹಾಕುತ್ತಾ ಹೋದವರಲ್ಲಿ ಮತ್ತೆ ಮತ್ತೆ ಹೊಸ ಮುರಿತಗಳಾದದ್ದು ವರದಿಯಾಗಿದೆ. ಆದ್ದರಿಂದ ಅಂಥ ರೋಗಿಗೆ ಮೊದಲು ಬೇಕಿರುವುದು ಮೂಳೆ ಕರಗುವುದನ್ನು ತಡೆಯುವ ಔಷಧಿಯನ್ನು ತಡಮಾಡದೆ ಮತ್ತೆ ಆರಂಭಿಸುವುದು. ಹಿಂದಿನ ಚುಚ್ಚುಮದ್ದು ಯಾವ ತಿಂಗಳಲ್ಲಿ ಆಗಿತ್ತು ಎಂದು ಸಿಮೆಂಟ್ ಹಾಕಲು ಹೊರಟ ವೈದ್ಯರು ಕೇಳಲೇಬೇಕು. ಅವರು ಕೇಳದಿದ್ದರೆ ರೋಗಿಯ ಮನೆಯವರೇ ಮುಂದಾಗಿ ಹೇಳಬೇಕು.